ಅರವತ್ತು ಮೀಟರ್ ಜಾಣತನ

ಹೋದ ವಾರ ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ, ಕಂಡಕ್ಟರಿಗೆ ತೋರಿಸಲೆಂದು ಪರ್ಸಿನಿಂದ ಆಧಾರ್ ಕಾರ್ಡ್ ತೆಗೆಯುತ್ತಿದ್ದೆ. ಪರ್ಸಿನ ಜಿಪ್ಪಿಗೆ ಗಂಟು ಹಾಕಿದ್ದ ಕೆಂಪು ದಾರಗಳ ಗೊಂಚಲು ಹೊರಗೆ ಜೋತುಬಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಅದನ್ನೇ ನೋಡಿದಳು.

"ಯಾವ ದೇವರವ್ರಿ ಅಕ್ಕಾರ? ನಮ್ಮ ಬೀರಪ್ಪಂದು ಏನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಗೊಂಚಲನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಾಗಿತ್ತು. ಆಮೇಲೆ ಒಂದೊಂದಾಗಿ ಎಣಿಸಿ, "ಏಳು ಅದಾವಲ್ಲ, ಏಳು ವಾರ ನಡಕೊಂಡೀರೇನು?" ಎಂದು ಕೇಳಿದಳು. ಹೂಂ ಅಂದೆ. ಇಪ್ಪತ್ತು ವರ್ಷದಿಂದ ಗಣಿತ ಕಲಿಸುವವಳು ನಾನು. ಒಂದು ಸಂಖ್ಯೆಯ ವಿಷಯದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಆಕೆ ಇಳಿದುಹೋದ ಮೇಲೆ ಗೊಂಚಲನ್ನು ಪರ್ಸಿನೊಳಗೆ ತುರುಕಿದೆ.

ಅವು ಯಾವ ದೇವರ ದಾರಗಳೂ ಅಲ್ಲ. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಕಣ್ಣಿನ ವಿಷಯ ಹೇಳಬೇಕು, ಕಣ್ಣಿನ ವಿಷಯ ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು.

ನನ್ನ ಅಪ್ಪ ರಬಕವಿಯಲ್ಲಿ ಒಬ್ಬ ಧಣಿಯ ಮನೆಯಲ್ಲಿ ಬಟ್ಟೆ ತಪಾಸಣೆ ಮಾಡುತ್ತಿದ್ದ. ನೇಕಾರರು ನೇಯ್ದು ತಂದದ್ದನ್ನು ಕಿಟಕಿಯ ಪಕ್ಕದ ಇಳಿಜಾರು ಮೇಜಿನ ಮೇಲೆ ಎಳೆದು, ಬೆಳಕಿಗೆ ಹಿಡಿದು, ಹರಿದ ಎಳೆ, ಬಿಟ್ಟುಹೋದ ಹೊಕ್ಕು ಅಂದರೆ ಅಡ್ಡ ಎಳೆ, ಎಣ್ಣೆ ಕಲೆ ಎಲ್ಲಿದೆ ಎಂದು ಹುಡುಕುವುದು ಅವನ ಕೆಲಸ. ಐಬು ಕಂಡಲ್ಲಿ ಬಟ್ಟೆಯ ಅಂಚಿಗೆ ಒಂದು ಕೆಂಪು ದಾರ ಕಟ್ಟುತ್ತಿದ್ದ. ಕೊಳ್ಳುವವನಿಗೆ ಅದರಿಂದ ಎರಡು ಸಂಗತಿ ತಿಳಿಯುತ್ತಿದ್ದವು. ಇಲ್ಲೊಂದು ತಪ್ಪಿದೆ ಎನ್ನುವುದು ಒಂದು. ಆ ತಪ್ಪಿಗಾಗಿ ಧಣಿ ಕಾಲು ಮೀಟರ್ ಬಟ್ಟೆ ಹೆಚ್ಚಿಗೆ ಕೊಡುತ್ತಾನೆ ಎನ್ನುವುದು ಇನ್ನೊಂದು. ಹೀಗೆ ಬಿಟ್ಟುಕೊಡುವುದಕ್ಕೆ ನಮ್ಮಲ್ಲಿ ಸೋಡಿ ಅನ್ನುತ್ತಾರೆ.

ಶಾಲೆಗೆ ಹೋಗುವ ಮುಂಚೆ ನಾನು ಅಪ್ಪನ ಪಕ್ಕದಲ್ಲಿ ನಿಂತು, ಕತ್ತರಿಸಿದ ದಾರದ ತುಂಡುಗಳನ್ನು ತುಟಿಗಳ ನಡುವೆ ಹಿಡಿದುಕೊಂಡು, ಅವನು ಕೈ ಚಾಚಿದಾಗ ಒಂದೊಂದೇ ತೆಗೆದು ಕೊಡುತ್ತಿದ್ದೆ. ಅಗ್ಗದ ಬಣ್ಣ. ತುಟಿಗೆಲ್ಲ ಹತ್ತುತ್ತಿತ್ತು. ಮೂರನೆಯ ಇಯತ್ತೆಯ ಮೇಷ್ಟ್ರು ನಾನು ದಿನಾ ಎಲೆ ಅಡಿಕೆ ತಿಂದು ಬರುತ್ತೇನೆಂದು ತಿಳಿದು ಅವ್ವನನ್ನು ಕರೆಸಿದ್ದರು. ಅವ್ವ ಬಂದು, ಅದು ಎಲೆ ಅಡಿಕೆಯಲ್ಲ, ಬೇರೆಯವರ ತಪ್ಪುಗಳ ಬಣ್ಣ ಅಂದಳಂತೆ. ಮೇಷ್ಟ್ರಿಗೆ ಏನು ತಿಳಿಯಿತೋ, ಮರುದಿನದಿಂದ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಅಪ್ಪನ ಅಂಗಿಯ ಮೇಲಿನ ಕಾಜಿಗೆ ಸದಾ ಮೂರು ಕೆಂಪು ದಾರ ಕಟ್ಟಿರುತ್ತಿದ್ದವು. ಅಂಗಿ ಹರಿದು ಹೊಸದು ಬಂದರೆ ದಾರಗಳೂ ಹೊಸ ಅಂಗಿಗೆ ಹೋಗುತ್ತಿದ್ದವು. ಅವುಗಳ ಕತೆ ಆಮೇಲೆ ಹೇಳುತ್ತೇನೆ.

ಅಪ್ಪನಿಂದ ನನಗೆ ಬಂದ ಆಸ್ತಿ ಎಂದರೆ ಆ ಕಣ್ಣು. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಾದಿನಿಯ ನಿಶ್ಚಿತಾರ್ಥದಲ್ಲಿ, ಸೀರೆಯ ಸೆರಗಿನಲ್ಲಿ ಎರಡು ಎಳೆ ಬಿಟ್ಟುಹೋಗಿವೆ ಎಂದು ಬೀಗರ ಎದುರಿಗೇ ಹೇಳಿ, ಆರು ತಿಂಗಳು ಆ ಮನೆಯ ಊಟ ಕಳೆದುಕೊಂಡವಳು ನಾನು. ಈಗ ನನಗೆ ನಲವತ್ತಾರು. ಮೊಬೈಲ್ ಓದಬೇಕಾದರೆ ಅದನ್ನು ತೋಳು ಚಾಚಿ ದೂರ ಹಿಡಿಯಬೇಕು. "ಇನ್ನ ನಿನ್ನ ಕೈ ಸಾಲೂದಿಲ್ಲ, ಒಂದು ಚಾಳೀಸ ತಗೋ" ಎಂದು ನನ್ನ ಯಜಮಾನರು ಎರಡು ವರ್ಷದಿಂದ ಹೇಳುತ್ತಿದ್ದರು. ತಪಾಸಣೆಯವನ ಮಗಳಿಗೆ ಚಾಳೀಸಿನ ಕನ್ನಡಕ ಎಂದರೆ ಈಜುಗಾರನ ಮಗಳಿಗೆ ಗಾಳಿ ತುಂಬಿದ ಟ್ಯೂಬು ಕೊಟ್ಟ ಹಾಗೆ. ನಾನು ಒಪ್ಪಲಿಲ್ಲ.

ಇನ್ನು ನಮ್ಮ ಕಾಲೇಜು. ಹತ್ತನೆಯದು ಮುಗಿಸಿದ ಮಕ್ಕಳನ್ನು ಸೇರಿಸಿಕೊಂಡು, ಎರಡು ವರ್ಷ ಹಗಲೆಲ್ಲ ಅರೆದು, ದೊಡ್ಡ ಕಾಲೇಜುಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುವುದು ನಮ್ಮ ಕಸುಬು. ಬನಹಟ್ಟಿಯ ನೇಕಾರರ ಮಕ್ಕಳು, ಬಾಡಗಂಡಿಯ ಕಬ್ಬಿನವರ ಮಕ್ಕಳು, ಸಮೀರವಾಡಿ, ಲೋಕಾಪುರ, ಮುಧೋಳ, ಬೀಳಗಿ, ಎಲ್ಲ ಕಡೆಯವರೂ ಇದ್ದಾರೆ. ಇದನ್ನು ಕಟ್ಟಿದವರು ಮಲ್ಲಪ್ಪಣ್ಣನವರು. ಮೂವತ್ತು ವರ್ಷ ಬಟ್ಟೆಯ ವ್ಯಾಪಾರ ಮಾಡಿ, ಈಗ ವಿದ್ಯೆಯ ಕಡೆ ತಿರುಗಿದ್ದಾರೆ. ಚೇರ್ಮನ್ ಎಂದು ಬೋರ್ಡಿನಲ್ಲಿದ್ದರೂ ಎಲ್ಲರೂ ಅವರನ್ನು ಕರೆಯುವುದು ಧಣೇರು ಎಂದೇ. ಅಪ್ಪನ ಧಣಿ ಬೇರೆ, ಇವರು ಬೇರೆ.

ಮೊದಲು ನಾವೂ ಎಲ್ಲರ ಹಾಗೆ ಮಕ್ಕಳ ಪ್ರಗತಿಯನ್ನು ಕಾರ್ಡಿನಲ್ಲಿ ತೋರಿಸುತ್ತಿದ್ದೆವು. ಪರ್ಸೆಂಟೇಜ್, ಪರ್ಸೆಂಟೈಲ್, ರ‍್ಯಾಂಕ್, ಮೂರು ಬಣ್ಣದ ಗ್ರಾಫ್. ಪಾಲಕರು ನೋಡದೆ ಸಹಿ ಹಾಕುತ್ತಿದ್ದರು. ಬಾಡಗಂಡಿಯ ರೈತರೊಬ್ಬರು ಮಾತ್ರ ಕಾರ್ಡನ್ನು ಪೂರ್ತಿ ಓದಿ, ಎಲ್ಲ ಶಿಕ್ಷಕರಿಗೂ ಪೇಢೆ ಹಂಚಿದರು. ಅವರ ಮಗನಿಗೆ ನೂರಕ್ಕೆ ನಲವತ್ತೊಂದು ಬಂದಿತ್ತು.

"ನೂರು ಕಿಲೋ ಕಬ್ಬಿಗೆ ನಮ್ಮ ಸಕ್ಕರಿ ರಿಕವರಿ ಎಷ್ಟ ಬಡಕೊಂಡ್ರೂ ಹತ್ತರ ಮ್ಯಾಲ ಹೋಗೂದಿಲ್ರಿ. ನಿಮ್ಮಲ್ಲಿ ನಲವತ್ತೊಂದು ತಗದೀರಿ. ಭಾಳ ಛಲೋ ಮಷೀನ್ ಅದಾವು ಬಿಡ್ರಿ ನಿಮ್ಮವು."

ಪೇಢೆ ಚೆನ್ನಾಗಿತ್ತು. ಆದರೆ ಧಣೇರಿಗೆ ಇದು ಚುಚ್ಚಿತು. ಮರುದಿನ ಸ್ಟಾಫ್ ರೂಮಿಗೆ ಬಂದು ಕಾರ್ಡನ್ನು ಮೇಜಿನ ಮೇಲೆ ಇಟ್ಟರು.

"ಅಳತಿ ಅಂದ್ರ ಕೈಗೆ ಸಿಗಬೇಕ್ರಿ. ಮುಟ್ಟಿದ್ರ ತಿಳೀಬೇಕು. ಇದನ್ನ ಯಾರ ಮುಟ್ಟತಾರು?"

ಹೀಗೆ ಹೊಸ ಪದ್ಧತಿ ಹುಟ್ಟಿತು. ಪ್ರತಿ ವಿದ್ಯಾರ್ಥಿ ವರ್ಷವಿಡೀ ಬರೆದ ಉತ್ತರ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ, ಬಟ್ಟೆಯ ಥಾನಿನ ಹಾಗೆ ರಟ್ಟಿನ ಕೊಳವೆಗೆ ಸುತ್ತಿಡುವುದು. ವರ್ಷದ ಕೊನೆಗೆ ಅಳೆಯುವುದು. ಅರವತ್ತು ಮೀಟರ್ ದಾಟಿದರೆ ಥಾನಿನ ಮೇಲೆ 'ಫ್ರೆಶ್' ಎಂದು ಮುದ್ರೆ, ಎರಡನೆಯ ವರ್ಷಕ್ಕೆ ಕೆಳಗಿನ ಮೊದಲ ಕೋಣೆ, ಪ್ರವೇಶ ಪರೀಕ್ಷೆಯ ಪೂರ್ತಿ ತಯಾರಿ. ದಾಟದಿದ್ದರೆ 'ಸೆಕೆಂಡ್ಸ್' ಮುದ್ರೆ, ಮಾಳಿಗೆಯ ಮೇಲಿನ ತಗಡಿನ ಕೋಣೆ. ಅಲ್ಲಿ ಗಣಿತ ವಾರಕ್ಕೆ ಎರಡು ತಾಸು, ಪ್ರವೇಶ ಪರೀಕ್ಷೆಯ ಮಾತಿಲ್ಲ.

ನಾವು ಯಾರಾದರೂ ಇದು ಹುಚ್ಚು ಎನ್ನಬೇಕಿತ್ತು. ಆದರೆ ಧಣೇರು ನನ್ನ ಕಡೆ ತಿರುಗಿ, "ಮೇಡಂ, ನೀವು ತಪಾಸಣಿಯವರ ಮಗಳು. ಥಾನು ನಿಮ್ಮ ಕೈಯಾಗ ಇರ್ಲಿ" ಅಂದರು. ನಾನು ಉಬ್ಬಿಹೋದೆ. ಸಂಜೆಯ ಹೊತ್ತಿಗೆ ಅವರ ಹಳೆಯ ಅಂಗಡಿಯಿಂದ ಇಳಿಜಾರು ಮೇಜು ಬಂದು ಸ್ಟಾಫ್ ರೂಮಿನ ಕಿಟಕಿಯ ಪಕ್ಕದಲ್ಲಿ ಕುಳಿತಿತು. ಅದರ ಎದುರು ನಿಂತಾಗ ನನಗೆ ಪ್ರಿನ್ಸಿಪಾಲರ ಕುರ್ಚಿಯೂ ಚಿಕ್ಕದಾಗಿ ಕಂಡಿತು.

ಮಕ್ಕಳು ಒಂದೇ ವಾರದಲ್ಲಿ ವಿಷಯ ಹಿಡಿದರು. ಅಕ್ಷರಗಳು ದಪ್ಪಗಾದವು. ಪುಟಕ್ಕೆ ಇಪ್ಪತ್ತು ಸಾಲು ಇದ್ದದ್ದು ಹತ್ತಾಯಿತು, ಹತ್ತು ನಾಲ್ಕಾಯಿತು. ಮುಧೋಳದ ಸಂತೋಷ ಎಂಬ ಹುಡುಗ ಒಂದು ಲೆಕ್ಕಕ್ಕೆ ಹನ್ನೊಂದು ಹೆಚ್ಚುವರಿ ಹಾಳೆ ತೆಗೆದುಕೊಂಡ. ಆ ಲೆಕ್ಕದ ಉತ್ತರ ಸೊನ್ನೆ. ಆ ಸೊನ್ನೆಯನ್ನು ಹನ್ನೊಂದನೆಯ ಹಾಳೆಯ ತುಂಬ ಒಂದೇ ಒಂದಾಗಿ ಬರೆದಿದ್ದ, ದೋಸೆ ಹುಯ್ದ ಹಾಗೆ. ಥಾನುಗಳು ಬೆಳೆಯುವುದನ್ನು ಕಂಡು ಧಣೇರಿಗೆ ಹಿಗ್ಗು. ಬರೆದದ್ದರಲ್ಲಿ ತಪ್ಪೇ ಹೆಚ್ಚಿದೆ ಎಂದು ನಾನು ಹೇಳಿದೆ.

"ಅದಕ್ಕೇನ್ರಿ, ಐಬು ಇದ್ದಲ್ಲಿ ದಾರ ಕಟ್ಟರಿ. ನಮ್ಮ ಪದ್ಧತಿ ಐತೆಲ್ಲ."

ಹಾಗಾಗಿ ಕೆಂಪು ಶಾಯಿ ಬಿದ್ದಲ್ಲೆಲ್ಲ ಹಾಳೆಯ ಅಂಚಿಗೆ ತೂತು ಮಾಡಿ ಕೆಂಪು ದಾರ ಕಟ್ಟತೊಡಗಿದೆ. ನಲವತ್ತೆಂಟು ಮಕ್ಕಳ ಥಾನುಗಳು. ದಾರಗಳನ್ನು ತುಟಿಯಲ್ಲಿ ಹಿಡಿಯುವ ಹಳೆಯ ಚಾಳಿ ತಾನಾಗಿಯೇ ಮರಳಿತು. ಒಂದು ದಿನ ತುಟಿಗೆ ಬಣ್ಣ ಹತ್ತಿಸಿಕೊಂಡು ತರಗತಿಗೆ ಹೋದೆ. ಮೇಡಂ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಿದ್ದಾರೆ ಎಂದು ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ನಿಜ ಹೇಳುವುದಕ್ಕಿಂತ ಅದೇ ವಾಸಿ ಎಂದು ಸುಮ್ಮನಿದ್ದೆ.

ಇವರೆಲ್ಲರ ನಡುವೆ ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಬನಹಟ್ಟಿಯವಳು. ಅವಳ ತಾಯಿ ಕಸ್ತೂರೆವ್ವ ಬೇರೆಯವರ ಪವರ್‌ಲೂಮ್ ಶೆಡ್ಡಿನಲ್ಲಿ ಎರಡು ಮಗ್ಗ ನಡೆಸುತ್ತಾಳೆ. ಭಾಗ್ಯಶ್ರೀ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದ ಲೆಕ್ಕಗಳನ್ನು ನಾನು ಮನೆಗೆ ಹೋಗಿ, ಯಾರಿಗೂ ಕಾಣದಂತೆ ಬಿಡಿಸಿಕೊಂಡು ಬರಬೇಕಾಗುತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ, ಕೆಳಗಿನ ಕೋಣೆಯ ಗಣಿತ. ಆದರೆ ಅವಳ ಅಕ್ಷರ ಸಾಸಿವೆ. ಬೇರೆಯವರು ನಾಲ್ಕು ಹಾಳೆಯಲ್ಲಿ ಬರೆಯುವುದನ್ನು ಅರ್ಧ ಹಾಳೆಯಲ್ಲಿ ಮುಗಿಸುತ್ತಿದ್ದಳು. ವರ್ಷದ ಕೊನೆ ಹತ್ತಿರ ಬಂದಾಗ ಅವಳ ಥಾನು ಇಪ್ಪತ್ತೆರಡು ಮೀಟರ್, ಅದರಲ್ಲಿ ಎರಡೇ ದಾರ. ಕರೆದು ಹೇಳಿದೆ.

"ಭಾಗ್ಯಾ, ಸ್ವಲ್ಪ ದೊಡ್ಡದಾಗಿ ಬರಿ. ಇಲ್ಲಾಂದ್ರ ತಗಡಿನ ಕ್ವಾಣಿಗೆ ಹೊಕ್ಕಿ ನೋಡು."

"ಹಾಳಿ ಹಾಳಾಗತಾವ್ರಿ ಮೇಡಂ."

"ಹಾಳಿ ಕಾಲೇಜಿಂದು. ನಿಂಗೇನು?"

"ಹೊಕ್ಕು ಸಡಿಲ ಬಿಟ್ರ ಅರಿವಿ ಉದ್ದ ಆಗತೈತ್ರಿ, ಖರೆ. ಆದ್ರ ಜಾಳ ಆಗತೈತಿ. ನಮ್ಮವ್ವ ಅಂಥಾದ್ದು ನೇಯೂದಿಲ್ರಿ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದೂ ಗಜಕೋಲು ಹಿಡಿದು ನಿಂತಿದ್ದ ನನ್ನ ಮೇಲೆ. ಆದರೂ ಮೇಜು ಬಿಟ್ಟುಕೊಡುವ ಮನಸ್ಸಾಗಲಿಲ್ಲ.

ಪಾಲಕರ ಸಭೆಯ ದಿನ ಬಂತು. ಅಂಗಳದಲ್ಲಿ ನಲವತ್ತೆಂಟು ಥಾನುಗಳನ್ನು ಬಿಚ್ಚಿ, ಗಾಳಿಗೆ ಹಾರದಂತೆ ಅಲ್ಲಲ್ಲಿ ಇಟ್ಟಿಗೆ ಇಟ್ಟು ಹಾಸಿದ್ದೆವು. ಜಾಗ ಸಾಲದೆ ಕೆಲವು ಗೇಟು ದಾಟಿ ರಸ್ತೆಯ ಪಕ್ಕಕ್ಕೂ ಹೋಗಿದ್ದವು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ದಾಟಲು ಅಡ್ಡಿಯಿಲ್ಲವೇ ಎಂದು ಕೇಳಿದ. ಧಣೇರು ಅರವತ್ತಕ್ಕೆ ಒಂದು ಗೆರೆ ಎಳೆಸಿದ್ದರು. ಬೆಳಗ್ಗೆ ನೋಡಿದಾಗ ಅಷ್ಟು ದಪ್ಪ ಅಕ್ಷರ ಬರೆದೂ ಆ ಗೆರೆ ಮುಟ್ಟಿದವರು ಕಡಿಮೆ.

ಆಗ ಸಂತೋಷನ ತಂದೆ ಬಂದರು. ಅವರಿಗೆ ಮುಧೋಳದಲ್ಲಿ ಬಟ್ಟೆಯ ಅಂಗಡಿ. ಮಗನ ಥಾನು ಮೂವತ್ತೆಂಟು ಮೀಟರ್. ಅವರು ಬೇಸರಪಡಲಿಲ್ಲ. ಅಂಚು ಹಿಡಿದು ನಡೆಯುತ್ತ ಕೆಂಪು ದಾರಗಳನ್ನು ಎಣಿಸಿಕೊಂಡು ಬಂದರು. ತೊಂಬತ್ತೆರಡು.

"ಧಣೇರ, ದಾರಕ್ಕ ಕಾಲು ಮೀಟರ್ ಸೋಡಿ ಅಲ್ರಿ ನಿಮ್ಮ ಪದ್ಧತಿ? ನಿಮ್ಮ ಕಡಿಂದ ಅರಿವಿ ಒಯ್ದಾಗ ಹಂಗ ಕೊಟ್ಟೀರಿ."

"ಹೌದು," ಅಂದರು ಧಣೇರು, ಮಾತು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ.

"ತೊಂಬತ್ತೆರಡಕ್ಕ ಇಪ್ಪತ್ಮೂರು. ಮೂವತ್ತೆಂಟಕ್ಕ ಕೂಡಿಸ್ರಿ."

ಅರವತ್ತೊಂದಾಯಿತು. ಮೂವತ್ತು ವರ್ಷದಲ್ಲಿ ಯಾರಿಗೂ ಸೋಡಿ ಇಲ್ಲ ಎಂದವರಲ್ಲ ಧಣೇರು. ಇಷ್ಟು ಜನರ ಎದುರು ಈಗ ಇಲ್ಲ ಎನ್ನಲು ಅವರ ನಾಲಿಗೆ ಹೊರಳಲಿಲ್ಲ. ಸಂತೋಷನ ಥಾನಿಗೆ 'ಫ್ರೆಶ್' ಮುದ್ರೆ ಬಿತ್ತು.

ಆಮೇಲೆ ಅಂಗಳದಲ್ಲಿ ಎಲ್ಲರೂ ಬಗ್ಗಿ ದಾರ ಎಣಿಸತೊಡಗಿದರು. ಐಬು ಹೆಚ್ಚಿದ್ದವರ ಮುಖ ಅರಳಿತು, ಕಡಿಮೆ ಇದ್ದವರು ಮಕ್ಕಳನ್ನು ಬೈದರು. "ಇನ್ನ ನಾಕ ತಪ್ಪು ಮಾಡಾಕ ಏನ ಧಾಡಿ ಆಗಿತ್ತಲೇ ನಿನಗ?" ಎಂದು ಲೋಕಾಪುರದ ತಂದೆಯೊಬ್ಬರು ಮಗನ ಬೆನ್ನಿಗೆ ಗುದ್ದಿದ್ದನ್ನು ನಾನೇ ನೋಡಿದೆ. ಆ ಹುಡುಗನಿಗೆ ಅರ್ಧ ಮೀಟರ್ ಕಡಿಮೆ ಬಿದ್ದಿತ್ತು. ನಾನು ಎರಡು ಕಾಗುಣಿತದ ತಪ್ಪು ಹುಡುಕಿ ದಾರ ಕಟ್ಟಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನಲವತ್ತೇಳು ಮಂದಿ ಅರವತ್ತು ದಾಟಿ ಕೆಳಗಿನ ಕೋಣೆಗೆ ಸೇರಿದ್ದರು.

ಉಳಿದದ್ದು ಭಾಗ್ಯಶ್ರೀ. ಇಪ್ಪತ್ತೆರಡು ಮೀಟರ್, ಎರಡು ದಾರಕ್ಕೆ ಅರ್ಧ ಮೀಟರ್ ಸೋಡಿ. ಇಡೀ ಕಾಲೇಜಿನಲ್ಲಿ ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದವಳೊಬ್ಬಳು ಮಾಳಿಗೆಯ ಮೇಲೆ ತಗಡಿನ ಕೆಳಗೆ ಒಬ್ಬಳೇ ಕೂರಬೇಕಾಗಿತ್ತು.

ಕಸ್ತೂರೆವ್ವ ಪಾಳಿ ಮುಗಿಸಿ ತಡವಾಗಿ ಬಂದಳು. ತಲೆಯ ಮೇಲೆ ಹತ್ತಿಯ ಧೂಳು ಹಾಗೇ ಇತ್ತು. ಆಕೆಗೆ ಓದಲು ಬರುವುದಿಲ್ಲ. ಗೆರೆಯ ಕಡೆಗೂ ನೋಡಲಿಲ್ಲ. ಮಗಳ ಥಾನಿನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು, ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಎತ್ತಿ ಬಿಸಿಲಿಗೆ ಹಿಡಿದಳು.

"ಧಣೇರ, ಇದನ್ನ ಉದ್ದದಾಗ ಅಳೀಬ್ಯಾಡ್ರಿ. ಗ್ಲಾಸ್ ಹಚ್ಚಿ ನೋಡ್ರಿ."

ಒಂದು ಇಂಚಿನಲ್ಲಿ ಎಷ್ಟು ಎಳೆ ಇವೆ ಎಂದು ಎಣಿಸುವ ಹಿತ್ತಾಳೆಯ ಪುಟ್ಟ ಮಡಚುವ ಭೂತಗನ್ನಡಿ ಧಣೇರ ಜೇಬಿನಲ್ಲಿ ಈಗಲೂ ಇರುತ್ತದೆ. ಗ್ಲಾಸ್ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಅವರ ಕೈ ಜೇಬಿಗೆ ಹೋಯಿತು. ಪಂಚೆ ಮಡಚಿ ಕುಳಿತು, ಹಾಳೆಯ ಮೇಲಿಟ್ಟು ಎಣಿಸಿದರು. ಇಂಚಿಗೆ ಆರು ಸಾಲು. ಪಕ್ಕದಲ್ಲಿದ್ದ ಸಂತೋಷನ ಥಾನಿನ ಮೇಲೆ ಇಟ್ಟರು. ಒಂದು ಅಕ್ಷರದ ಕಾಲುಭಾಗ ಮಾತ್ರ ಕಂಡಿತು.

ಧಣೇರು ಮತ್ತೆ ಭಾಗ್ಯಶ್ರೀಯ ಹಾಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅವರೂ ನೇಯ್ದು ಮೇಲೆ ಬಂದವರೇ. ಕಡೆಗೆ ಹೇಳಿದರು, "ಗಟ್ಟಿ ಮಾಲು ಐತಿ. ಇಂಥಾದ್ದಕ್ಕ ಉದ್ದ ಕೇಳಬಾರದು. ಆದ್ರ ಗಟ್ಟಿ ಮಾಲಿಗೆ ಒಂದ ದಾರ ನಡೀತೈತಿ ಕಸ್ತೂರೆವ್ವಾ, ಎರಡು ನಡಿಯೂದಿಲ್ಲ. ಅದು ನಿನಗೂ ಗೊತ್ತೈತಿ."

"ಗೊತ್ತೈತ್ರಿ," ಅಂದಳು ಆಕೆ. ವಾದ ಮಾಡಲಿಲ್ಲ. ಒಂದನೆಯ ದಾರ ಮುಟ್ಟಿ ಬಿಟ್ಟು, ಎರಡನೆಯದನ್ನು ಹಿಡಿದು ನನ್ನ ಕಡೆ ನೋಡಿದಳು. "ಇಲ್ಲೇನ ಐಬು ಐತ್ರಿ ಮೇಡಂ? ಹೇಳ್ರಿ, ಮುಂದಿನ ಸಲ ಸರಿ ಮಾಡಿಕೊಂತಾಳು."

ಜಗಳದ ದನಿಯಲ್ಲ ಅದು. ನೇಕಾರರು ಅಪ್ಪನನ್ನು ಹೀಗೇ ಕೇಳುತ್ತಿದ್ದರು. ಗಣಿತದ ಪತ್ರಿಕೆ, ನಾನೇ ತಿದ್ದಿದ್ದು. ಮೈನಸ್ ಹಾಕಿಲ್ಲ ಎಂದು ಗತ್ತಿನಿಂದ ಹೇಳಿದೆ.

"ಎಲ್ಲಿ ಹಾಕಬೇಕಿತ್ರಿ?"

ತೋರಿಸಲು ಹಾಳೆಯನ್ನು ಎತ್ತಿ ತೋಳು ಚಾಚಿ ಹಿಡಿದೆ. ಸಾಲುಗಳು ಒಂದರೊಳಗೊಂದು ಸೇರಿಕೊಂಡವು. ಇನ್ನೂ ದೂರ ಹಿಡಿದೆ. ಧಣೇರು ಗ್ಲಾಸನ್ನು ನನ್ನ ಕೈಗೆ ಕೊಟ್ಟರು. ಕಣ್ಣಿಗೆ ಹಚ್ಚಿ ನೋಡಿದೆ. ಮೈನಸ್ ಅಲ್ಲೇ ಇತ್ತು. ಅರ್ಧ ಎಳ್ಳಿನಷ್ಟು, ಆದರೆ ನೆಟ್ಟಗೆ, ಇರಬೇಕಾದ ಜಾಗದಲ್ಲೇ.

ಆ ಗ್ಲಾಸಿನೊಳಗೆ ನೋಡುತ್ತಿದ್ದವಳು ನಾನೊಬ್ಬಳೇ. ಇಲ್ಲ ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು. ತಪಾಸಣೆಯವರ ಮಗಳಲ್ಲವೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ಮೇಜು ಹೋಗುತ್ತದೆ ಎಂದು, ಇನ್ನು ನನ್ನ ಕಣ್ಣಿನ ಬಗ್ಗೆ ಯಾರಿಗೂ ಹೇಳಿಕೊಳ್ಳಲಾಗುವುದಿಲ್ಲ ಎಂದು. ತಲೆ ಎತ್ತಿದಾಗ ಭಾಗ್ಯಶ್ರೀ ತನ್ನ ಕಾಲಬೆರಳು ನೋಡುತ್ತ ನಿಂತಿದ್ದಳು. ಅವಳಿಗೆ ಗೊತ್ತಿತ್ತು.

"ಮೈನಸ್ ಐತ್ರಿ. ಐಬು ನಂದು," ಅಂದೆ. "ನಿನಗ ಗೊತ್ತಿದ್ರ ಯಾಕ ಹೇಳಲಿಲ್ಲ ಭಾಗ್ಯಾ?"

"ತಪಾಸಣಿಯವ್ರು ದಾರ ಕಟ್ಟಿದ ಮ್ಯಾಲ ನೇಯ್ದವ್ರು ಕೇಳೂದಿಲ್ರಿ ಮೇಡಂ," ಅಂದಳು.

ಕಸ್ತೂರೆವ್ವ ತಾನೇ ಗಂಟು ಬಿಚ್ಚಿ, ದಾರವನ್ನು ನನ್ನ ಅಂಗೈಯಲ್ಲಿ ಇಟ್ಟಳು. "ಇದು ನಿಮ್ಮದರಿ. ನಿಮ್ಮ ಹತ್ರ ಇರಬೇಕು. ಪದ್ಧತಿ ಹಂಗೈತಿ."

ಪದ್ಧತಿ ನನಗೆ ಗೊತ್ತಿರದೆ ಏನು. ಐಬಿಲ್ಲದ ಕಡೆ ದಾರ ಕಟ್ಟಿದವನು ಅದನ್ನು ಬಿಚ್ಚಿ ತನ್ನ ಮೈಮೇಲೆ ಇಟ್ಟುಕೊಳ್ಳಬೇಕು, ಎಸೆಯುವಂತಿಲ್ಲ. ಅಪ್ಪನ ಅಂಗಿಯ ಕಾಜಿನಲ್ಲಿದ್ದ ಮೂರು ದಾರ ಅವೇ. ಜೀವಮಾನದಲ್ಲಿ ಮೂರು. ಧಣೇರು ಮುದ್ರೆ ತರಿಸಿ ಭಾಗ್ಯಶ್ರೀಯ ಥಾನಿನ ಮೇಲೆ 'ಫ್ರೆಶ್' ಎಂದು ತಾವೇ ಒತ್ತಿದರು. ನಲವತ್ತೆಂಟಕ್ಕೆ ನಲವತ್ತೆಂಟೂ ಮಕ್ಕಳು ಕೆಳಗಿನ ಕೋಣೆಗೆ ಬಂದರು. ತಗಡಿನ ಕೋಣೆಯಲ್ಲಿ ಈಗ ಥಾನುಗಳನ್ನು ಪೇರಿಸಿಟ್ಟಿದ್ದೇವೆ.

ಎಲ್ಲರೂ ಹೋದ ಮೇಲೆ ನಾನು ಧಣೇರ ಗ್ಲಾಸನ್ನು ಕೇಳಿ ಇಸಕೊಂಡು, ಗಣಿತದ ಹಾಳೆಗಳನ್ನೆಲ್ಲ ಆ ಇಳಿಜಾರು ಮೇಜಿನ ಮೇಲೆ ಎಳೆಯುತ್ತ ಕೂತೆ. ಸಂಜೆಯ ಬೆಳಕು ಹೋಗುವಷ್ಟರಲ್ಲಿ ಐಬಿಲ್ಲದ ಕಡೆ ಕಟ್ಟಿದ ದಾರ ಇನ್ನೂ ಆರು ಸಿಕ್ಕವು. ಅವುಗಳ ಬಗ್ಗೆ ಯಾವ ತಂದೆತಾಯಿಯೂ ಕೇಳಿರಲಿಲ್ಲ, ಅವರಿಗೆ ಸೋಡಿ ಸಿಕ್ಕಿತ್ತಲ್ಲ. ಒಂದು ಸಂತೋಷನದು, ಪುಟದ ತುಂಬ ಬರೆದಿದ್ದ ಆ ಸೊನ್ನೆ. ಅದು ಸರಿಯೇ ಇತ್ತು. ಹನ್ನೊಂದು ಹಾಳೆಯ ಸಿಟ್ಟಿನಲ್ಲಿ ದಾರ ಕಟ್ಟಿಬಿಟ್ಟಿದ್ದೆ. ಮರುದಿನ ಅವನನ್ನು ಕರೆದು, ನಿನ್ನ ಉತ್ತರ ಸರಿಯಿತ್ತು, ತಪ್ಪಾಯಿತು ಎಂದೆ. ಅವನ ಮುಖ ಸಪ್ಪಗಾಯಿತು.

"ಹಂಗಾದ್ರ ನಂದು ಕಾಲು ಮೀಟರ್ ಕಡಿಮಿ ಆತೇನ್ರಿ ಮೇಡಂ?"

ಅದೇ ಸಂಜೆ ಜಮಖಂಡಿಗೆ ಹೋಗಿ ಚಾಳೀಸು ಕೊಂಡೆ. ಯಜಮಾನರು ಬಾಯಿ ಮುಚ್ಚಿಕೊಂಡೇ ನಕ್ಕರು. ಈ ವರ್ಷ ಕಾಲೇಜಿನಲ್ಲಿ ಉದ್ದ ಅಳೆಯುವುದಿಲ್ಲ, ಇಂಚಿಗೆ ಎಷ್ಟು ಸಾಲು ಎಂದು ಎಣಿಸುತ್ತಾರೆ. ಎಲ್ಲರ ಅಕ್ಷರವೂ ಸಾಸಿವೆಯಾಗಿದೆ. ಸಂತೋಷ ಮೊನ್ನೆ ಒಂದು ಪೂರ್ತಿ ಪ್ರಮೇಯವನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ. ನಾನು ಚಾಳೀಸಿನ ಮೇಲೆ ಗ್ಲಾಸು ಹಿಡಿದು ತಿದ್ದುತ್ತಿದ್ದೇನೆ. ದಾರ ಕಟ್ಟುವ ಮುಂಚೆ ಮಕ್ಕಳನ್ನು ಕರೆದು ಕೇಳುತ್ತೇನೆ. ಭಾಗ್ಯಶ್ರೀ ಈಗ ಕೇಳದಿದ್ದರೂ ಬಂದು ಹೇಳುತ್ತಾಳೆ.

ಬಸ್ಸಿನಲ್ಲಿ ಆ ಹೆಂಗಸು ಕಣ್ಣಿಗೊತ್ತಿಕೊಂಡದ್ದು ಈ ಏಳು ದಾರಗಳನ್ನು. ಪರ್ಸು ಈಗಲೂ ನನ್ನ ಎದುರಿಗಿದೆ. ನಿನ್ನೆ ಭಾಗ್ಯಶ್ರೀ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ನಾನು ಕೇಳದೆ ದಾರ ಕಟ್ಟಿದ್ದ ಒಂದು ಹಾಳೆ ಮುಂದೆ ಹಿಡಿದು, "ಮೇಡಂ, ಇದನ್ನ ಒಂದ ಸಲ ನೋಡ್ರಿ" ಅಂದಳು. ಎಂಟಾಯಿತು.